ಕಣ್ಣಿಲ್ಲದ ಕಾವಲು

ಕತ್ತಲಾದ ಮೇಲೆ ಕಣ್ಣು ಕಾಣದವರನ್ನೇ ಹುಡುಕಿ ರಾತ್ರಿ ಕಾವಲಿಗೆ ಇಟ್ಟುಕೊಂಡ ತೋಟ ಈ ಭೂಮಿಯ ಮೇಲೆ ಒಂದೇ ಇದ್ದಿರಬೇಕು. ಅದು ಜಕ್ಕೂರಿನಿಂದ ಕೋಗಿಲಿಗೆ ಹೋಗುವ ದಾರಿಯಲ್ಲಿತ್ತು, ಅದರ ಕಾವಲಿನವರು ನಾವೇ. ಮುತ್ತಜ್ಜನ ಕಾಲಕ್ಕೆ ಅದು ಸೀಬೆ ತೋಟ, ನಮ್ಮಪ್ಪನ ಕಾಲಕ್ಕೆ ದ್ರಾಕ್ಷಿ ತೋಟ. ಬೆಳೆ ಬದಲಾಯಿತು. ಒಡೆಯರೂ ಬದಲಾದರು, ಅಂದರೆ ಅಪ್ಪ ಸತ್ತು ಮಗ ಬಂದ, ಆ ಮಗ ಸತ್ತು ಅವನ ಮಗ ಬಂದ. ನಮ್ಮ ಕಡೆಯೂ ಹಾಗೇ. ಬದಲಾಗದೆ ಉಳಿದದ್ದು ನಮ್ಮ ಕಣ್ಣು ಮಾತ್ರ. ದೀಪ ಹಚ್ಚುವ ಹೊತ್ತಾದರೆ ನಮ್ಮ ಗುಡಿಸಲಿನಲ್ಲಿ ಎಲ್ಲರ ಕಣ್ಣ ಮುಂದೂ ಕಂಬಳಿ ಎಳೆದ ಹಾಗೆ ಆಗುತ್ತಿತ್ತು. ಬೆಳಗಾದರೆ ಮತ್ತೆ ಸರಿ. ಇರುಳುಗುರುಡು ಅಂತ ಊರವರು ಅದಕ್ಕೆ ಹೆಸರಿಟ್ಟಿದ್ದರು. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ. "ನಮ್ಮನೆ ಪದ್ಧತಿ" ಅನ್ನುತ್ತಿದ್ದರು.

ನೀವು ನಗಬಹುದು. ಆದರೆ ದೊಡ್ಡಮನೆಯವರು, ಅಂದರೆ ತೋಟದ ಒಡೆಯರು, ದಡ್ಡರಲ್ಲ. ಅವರ ತಾತ ಬಹಳ ಯೋಚನೆ ಮಾಡಿಯೇ ಈ ಏರ್ಪಾಡು ಮಾಡಿದ್ದನಂತೆ. ಹೊರಗಿನ ಕಳ್ಳ ಬಂದರೆ ನಾಯಿ ಬೊಗಳುತ್ತದೆ. ಕಾವಲಿನವನೇ ಕಳ್ಳನಾದರೆ ನಾಯಿ ಬಾಲ ಅಲ್ಲಾಡಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಆದ್ದರಿಂದ ಬೇಲಿಗೆ ಕಣ್ಣಿರಬಾರದು. ರಾತ್ರಿ ಕಣ್ಣು ಕಾಣದವನು ಒಂದು ಗೊಂಚಲೂ ಕೀಳಲಾರ. ನಾಯಿ ಬೊಗಳಿದ ದಿಕ್ಕಿಗೆ ತಿರುಗಿ ಕೂಗು ಹಾಕಿದರೆ ಸಾಕು. ನಮ್ಮಪ್ಪನಿಗೆ ಒಳ್ಳೇ ಗಂಟಲು. "ಯಾವನ್ಲಾ ಅವ್ನು, ಕಂಡೆ ಕಣ್ಲಾ ನಿನ್ನ!" ಅಂತ ಕತ್ತಲಿಗೆ ಬೆನ್ನು ಮಾಡಿ ಕೂಗಿದರೂ ಕಳ್ಳರು ಓಡುತ್ತಿದ್ದರು. ಕಾವಲಿಗೆ ಪ್ರತಿಯಾಗಿ ನಮಗೆ ತೋಟದ ಮೂಲೆಯಲ್ಲಿ ಗುಡಿಸಲು, ವರ್ಷಕ್ಕೆ ಬೇಕಾಗುವ ರಾಗಿ, ಹಬ್ಬಕ್ಕೊಂದು ಬಟ್ಟೆ. ಇಷ್ಟೇ ನಮ್ಮ ಆಸ್ತಿ. ಅದು ನಿಂತಿದ್ದು ನಮ್ಮ ಕಣ್ಣಿನ ಮೇಲೆ, ಅಂದರೆ ಅದು ಕಾಣದೇ ಇರುವುದರ ಮೇಲೆ.

ಹಾಗಾಗಿ ನಮ್ಮ ಬದುಕೆಲ್ಲ ಆ ಪದ್ಧತಿಗೆ ತಕ್ಕಂತೆ ಹೊಂದಿಕೊಂಡಿತ್ತು. ಗುಡಿಸಲ ಬಾಗಿಲಿನಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಬಾವಿಗೆ ಹಗ್ಗ ಕಟ್ಟಿತ್ತು. ಹೊತ್ತು ಮುಳುಗುವ ಮೊದಲೇ ಮುದ್ದೆ ಉಂಡು ಮುಗಿಸಿ, ಆಮೇಲೆ ಯಾರು ಎಲ್ಲಿ ಕೂತರೋ ಅಲ್ಲೇ. ನಮ್ಮಜ್ಜಿ ಇದಕ್ಕೊಂದು ಕತೆ ಹೇಳುತ್ತಿದ್ದಳು. ಹಿಂದೆ ನಮ್ಮ ಮನೆದೇವರು ಮುತ್ತಜ್ಜನ ಕನಸಿನಲ್ಲಿ ಬಂದು, ಹೊತ್ತು ಮುಳುಗಿದ ಮೇಲೆ ಇನ್ನೊಬ್ಬರ ಸ್ವತ್ತಿನ ಮೇಲೆ ಕಣ್ಣು ಹಾಕಬೇಡ ಅಂತ ಹೇಳಿತಂತೆ. ಮುತ್ತಜ್ಜ ಆಗಲಿ ಅಂದನಂತೆ. ಆವತ್ತಿನಿಂದ ಹೀಗೆ. ಜಕ್ಕೂರಿನ ಬಯಲಿನಿಂದ ಏಳುತ್ತಿದ್ದ ಸಣ್ಣ ವಿಮಾನಗಳು ಸಂಜೆಯಾದರೆ ಇಳಿದುಬಿಡುತ್ತಿದ್ದವು. ಅಜ್ಜಿ ಅದನ್ನೂ ಸಾಕ್ಷಿಗೆ ಎಳೆದುಕೊಳ್ಳುತ್ತಿದ್ದಳು. "ನೋಡೆ, ಇಮಾನದೋರೂ ನಮ್ಮಂಗೇ. ಕತ್ಲಲ್ಲಿ ಓಡಾಡಾಕಿಲ್ಲ. ಮಾನಸ್ತರು."

ದೊಡ್ಡಮನೆಯವರಿಗೂ ತಲೆಮಾರಿನಿಂದ ಬಂದದ್ದು ಒಂದಿತ್ತು, ಸಕ್ಕರೆ ಕಾಯಿಲೆ. ತಾತನಿಗಿತ್ತು, ಅಪ್ಪನಿಗಿತ್ತು, ಈಗಿನ ಯಜಮಾನರಿಗೂ ಇತ್ತು. ಅದಕ್ಕಾಗಿ ಬೆಂಗಳೂರಿನಿಂದ ಡಾಕ್ಟರು ಕಾರಿನಲ್ಲಿ ಬರುತ್ತಿದ್ದರು. ನಮ್ಮ ಅಜ್ಜಿಗೆ ಆ ಕಾಯಿಲೆಯ ಬಗ್ಗೆ ಭಾರಿ ಗೌರವ. "ಅನ್ನ ತುಪ್ಪ ಉಂಡ ಮನೆ ಕಣೇ, ನಮ್ಮಂತೋರ್ಗೆಲ್ಲಾ ಬರಾಕಿಲ್ಲ ಅದು" ಅನ್ನುತ್ತಿದ್ದಳು. ಅವರ ಮನೆಗೆ ಬಂದರೆ ಕಾಯಿಲೆ, ಡಾಕ್ಟರು, ಕಾರು. ನಮ್ಮ ಮನೆಗೆ ಬಂದರೆ ಮನೆತನ, ದೇವರು, ಹಗ್ಗ. ಈಗ ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆಗ ಮಾತ್ರ ನಾನೂ ಹೌದೌದು ಅನ್ನುತ್ತಿದ್ದೆ.

ನಮ್ಮ ಮನೆತನ ಎಷ್ಟು ಗಟ್ಟಿ ಅಂದರೆ, ಸೊಸೆಯಾಗಿ ಬಂದವರಿಗೂ ಹತ್ತುತ್ತಿತ್ತು. ಅಮ್ಮ ಪುಟ್ಟೇನಹಳ್ಳಿಯವಳು. ಮದುವೆಯಾಗಿ ಬಂದಾಗ ಅವಳಿಗೆ ಇರುಳು ಕಣ್ಣು ಚೆನ್ನಾಗಿ ಕಾಣುತ್ತಿತ್ತಂತೆ. ಅತ್ತೆ ಮನೆಯವರೆಲ್ಲ ಹಗ್ಗ ಹಿಡಿದು ಸಾಲಾಗಿ ನಡೆಯುವುದನ್ನು ಕಂಡು ಮೊದಲ ಸಂಜೆ ಹೆದರಿಕೊಂಡಿದ್ದಳಂತೆ. ನನ್ನ ಹೆರಿಗೆಯಾದ ಮೇಲೆ ಅವಳಿಗೂ ಮಂಜಾಯಿತು. ಅಜ್ಜಿ ಅದನ್ನು ಊರೆಲ್ಲ ಹೇಳಿಕೊಂಡು ಬಂದಳು: "ನಮ್ ಸೊಸೆ ಮನೆಗೆ ಒಂದ್ಕೊಂಬಿಟ್ಳು ಕಣ್ರವ್ವ."

ವರ್ಷಕ್ಕೊಮ್ಮೆ ದೊಡ್ಡಮನೆಗೆ ಹೋಗಿ ಕಣ್ಣು ಒಪ್ಪಿಸಬೇಕಿತ್ತು. ಹಾಗೇ ಅದರ ಹೆಸರು, ಕಣ್ಣೊಪ್ಪಿಸೋದು. ಸಂಕ್ರಾಂತಿ ಕಳೆದು ದ್ರಾಕ್ಷಿ ಬಣ್ಣ ತಿರುಗುವ ಹೊತ್ತಿಗೆ ನಾವೆಲ್ಲ ತಲೆ ಬಾಚಿಕೊಂಡು, ಹಗಲಿದ್ದಾಗಲೇ ಹೋಗಿ ದೊಡ್ಡಮನೆಯ ಜಗಲಿಯ ಮುಂದೆ ಕೂರುತ್ತಿದ್ದೆವು. ಅವರಿಗೆ ಕರೆಂಟು ಬಂದಿತ್ತು. ಕತ್ತಲಾದೊಡನೆ ಊರಿಗೆಲ್ಲ ಕಾಣುವ ಹಾಗೆ ಹೊತ್ತಿಸುತ್ತಿದ್ದ ಜಗಲಿಯ ಬಲ್ಬನ್ನು ಆವತ್ತು ನಮಗೋಸ್ಕರ ಆರಿಸುತ್ತಿದ್ದರು. ಯಜಮಾನರು ಆ ಸಲದ ಮೊದಲ ಹಣ್ಣಿನ ಗೊಂಚಲೊಂದನ್ನು ಕೈಯಲ್ಲಿ ಹಿಡಿದು ನಿಲ್ಲುವರು. "ಬಾ, ತಗೋ" ಅನ್ನುವರು. ಅಪ್ಪ ಕೈ ಚಾಚಿಕೊಂಡು ಹೋಗಿ ಗೋಡೆಯನ್ನೋ ಕಂಬವನ್ನೋ ಕಿಟಕಿಯನ್ನೋ ಹಿಡಿದುಕೊಳ್ಳುವನು. ಅಲ್ಲಿಗೆ ಇನ್ನೊಂದು ವರ್ಷದ ಗುಡಿಸಲು, ರಾಗಿ ಖಾತ್ರಿ. ಒಂದು ಸಲ ಏನಾಯಿತೆಂದರೆ, ಅಪ್ಪನ ಗ್ರಹಚಾರಕ್ಕೆ ಅವನು ಚಾಚಿದ ಕೈ ನೇರ ಗೊಂಚಲಿನ ಮೇಲೇ ಬಿತ್ತು. ಅಮ್ಮ ಅಳುವುದಕ್ಕೇ ಶುರುಮಾಡಿದಳು. ಯಜಮಾನರು ಒಳ್ಳೆಯವರು, ಇನ್ನೊಂದು ಅವಕಾಶ ಕೊಟ್ಟರು. ಎರಡನೇ ಸಲ ಅಪ್ಪ ಮೆಟ್ಟಿಲು ತಪ್ಪಿ ಬಚ್ಚಲ ಮೋರಿಗೆ ಬಿದ್ದ. ದೇವರು ದೊಡ್ಡವನು ಅಂದುಕೊಂಡು ಮನೆಗೆ ಬಂದೆವು.

ಮಕ್ಕಳಿಗೆ ನಾಲ್ಕೈದು ವರ್ಷವಾದಾಗ ಮೊದಲ ಸಲ ಒಪ್ಪಿಸಬೇಕು. ನನ್ನನ್ನು ಒಪ್ಪಿಸಿದಾಗ ನಾನು ನೆಟ್ಟಗೆ ಹೋಗಿ ಅವರ ಒರಳು ಕಲ್ಲಿಗೆ ಎಡವಿ ಮುಗ್ಗರಿಸಿದೆನಂತೆ. ಅಜ್ಜಿ ಆನಂದದಿಂದ ಕಣ್ಣೀರು ಹಾಕಿದಳಂತೆ. ಹುಡುಗಿ ಕಾವಲಿಗೆ ಬರುವುದಿಲ್ಲ, ಆದರೂ ಲೆಕ್ಕಕ್ಕೆ ಆಯಿತಲ್ಲ ಅಂತ ಒಂದು ಲಂಗ ಕೊಟ್ಟಿದ್ದರು.

ನನ್ನ ಹಿಂದೆ ಹುಟ್ಟಿದ್ದ ಎರಡು ಮಕ್ಕಳು ಉಳಿಯಲಿಲ್ಲ. ಆಮೇಲೆ ತಮ್ಮ ಹುಟ್ಟಿದ. ಮುಂದಿನ ಕಾವಲು ಅವನೇ ಅಂತ ದೊಡ್ಡಮನೆಯಿಂದ ಬೆಲ್ಲ ಬಂತು. ಅವನಿಗೆ ನಾಲ್ಕು ತುಂಬುವ ಮಳೆಗಾಲದಲ್ಲಿ ಅವನ ಕಣ್ಣು ವಿಚಿತ್ರವಾಗತೊಡಗಿತು. ಬಿಸಿಲಿಗೆ ಬಂದರೆ ಕಣ್ಣು ಬಿಡುತ್ತಿರಲಿಲ್ಲ. ಕಣ್ಣಿನ ಬಿಳಿಯ ಭಾಗ ಒಣಗಿ ಸುಕ್ಕುಗಟ್ಟಿದಂತಿತ್ತು, ಅದರ ಮೇಲೆ ಸೋಪಿನ ನೊರೆ ಅಂಟಿದ ಹಾಗೆ ಒಂದು ಮಚ್ಚೆ. ಹಗಲಲ್ಲೂ ತಡವಿಕೊಂಡು ನಡೆಯುತ್ತಿದ್ದ. ಅಜ್ಜಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಅಗಲೊತ್ತೇ ಸುರುವಾಗೈತೆ ನೋಡು, ಉಟ್ಟಾ ಕಾವಲ್ಗಾರ ನನ್ ಬಂಗಾರ" ಅಂತ ದೃಷ್ಟಿ ತೆಗೆದಳು.

ಅಮ್ಮನಿಗೆ ಮಾತ್ರ ಭಯ ಹತ್ತಿತು. ನಾನು ಯಲಹಂಕದ ಶಾಲೆಗೆ ನಡೆದು ಹೋಗುತ್ತಿದ್ದೆ. ಅಲ್ಲೇ ಹತ್ತಿರ ಒಂದು ಸರ್ಕಾರಿ ದವಾಖಾನೆ, ಅಲ್ಲಿ ಒಬ್ಬ ನರ್ಸಮ್ಮ ಇದ್ದರು. ಒಂದು ದಿನ ಅಮ್ಮ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ನನ್ನ ಜೊತೆಗೇ ಹೊರಟಳು. ತಮ್ಮನ ಕೆಮ್ಮಿಗೆ ಔಷಧಿ ತರುತ್ತೇನೆ ಅಂತ ಅಜ್ಜಿಗೆ ಹೇಳಿದ್ದಳು.

ನರ್ಸಮ್ಮ ತಮ್ಮನ ರೆಪ್ಪೆ ಎತ್ತಿ ನೋಡಿದರು. ಆಮೇಲೆ ಅಮ್ಮನ ಕಡೆ ನೋಡಿದರು.

"ರಾತ್ರಿ ಹೊತ್ತು ಈ ಮಗೂಗೆ ಕಾಣತ್ತಾ?"

"ಇಲ್ಲ ಕಣ್ರವ್ವ. ನಮ್ಮನೇಲಿ ಯಾರ್ಗೂ ಕಾಣಾಕಿಲ್ಲ. ನಮ್ಮನೆ ಪದ್ದತಿ."

"ನಿಮ್ಮನೆ ಅಂದ್ರೆ? ನಿಮ್ಮ ತೌರು ಮನೇಲೂ ಹೀಗೇನಾ?"

"ಇಲ್ಲ. ನಂಗೆ ಇಲ್ಲಿಗೆ ಬಂದ್ಮ್ಯಾಕೆ ಬಂದಿದ್ದು."

"ಗಂಡನ ಮನೆ ರಕ್ತ ನಿಮಗೆ ಹೆಂಗ್ರೀ ಬರತ್ತೆ?" ನರ್ಸಮ್ಮನಿಗೆ ಸಿಟ್ಟು ಬಂದಿತ್ತು. "ಹಾಲು ಕುಡೀತೀರಾ? ಬೆಣ್ಣೆ? ಮೊಟ್ಟೆ? ಸೊಪ್ಪು?"

ಅಮ್ಮ ಒಂದೊಂದಕ್ಕೂ ಉತ್ತರ ಹೇಳಿದಳು. ಹಸು ದೊಡ್ಡಮನೆಯದು, ಹಾಲು ಕರೆದು ಅಲ್ಲಿಗೇ ಕಳಿಸಬೇಕು. ಮೊಟ್ಟೆ ಸಂತೆಗೆ. ಸೊಪ್ಪು ದ್ರಾಕ್ಷಿ ಬಳ್ಳಿಯ ಕೆಳಗೆ ಬೇಕಾದಷ್ಟು ಬೆಳೆಯುತ್ತಿತ್ತು, ಆದರೆ ರೋಗ ಬಾರದಿರಲೆಂದು ಬಳ್ಳಿಗೆ ಮೈಲುತುತ್ತದ ವಿಷ ಸಿಂಪಡಿಸುತ್ತಿದ್ದರಿಂದ ಅದೂ ನೀಲಿ. ಒಮ್ಮೆ ಬೇಯಿಸಿ ತಿಂದು ಎಲ್ಲರೂ ವಾಂತಿ ಮಾಡಿಕೊಂಡ ಮೇಲೆ ಅದರ ತಂಟೆಗೆ ಹೋಗಿರಲಿಲ್ಲ. ರಾಗಿ ಮುದ್ದೆ, ಹುಣಸೆ ಸಾರು, ಉಪ್ಪು, ಮೆಣಸಿನಕಾಯಿ. ದಿನಾ ಅದೇ.

"ಇದು ಮನೆತನ ಅಲ್ಲ ಕಣಮ್ಮ, ಊಟ" ಅಂದರು ನರ್ಸಮ್ಮ. "ಮೂರು ತಲೆಮಾರಿಂದ ಒಂದೇ ಊಟ ಮಾಡಿದ್ರೆ ಒಂದೇ ಕಾಯಿಲೆ ಬರತ್ತೆ. ನಿಮಗೆಲ್ಲಾ ರಾತ್ರಿ ಮಾತ್ರ ಹೋಗಿದೆ. ಈ ಹುಡುಗನಿಗೆ ಹೀಗೇ ಬಿಟ್ರೆ ಹಗಲೂ ಹೋಗತ್ತೆ. ಪೂರ್ತಿ. ಆಮೇಲೆ ದೇವರು ಬಂದ್ರೂ ವಾಪಸ್ ತರೋಕಾಗಲ್ಲ."

ಅವರು ಮೀನೆಣ್ಣೆಯ ಒಂದು ಸೀಸೆ ಕೊಟ್ಟರು, ಮುಗಿದರೆ ಮತ್ತೆ ಬಂದು ತೆಗೆದುಕೊಂಡು ಹೋಗು ಅಂದರು. ಶಾಲೆಯ ಹಿಂದಿನ ನುಗ್ಗೆ ಮರದ ಸೊಪ್ಪು ದಿನಾ ಕಿತ್ತುಕೊಂಡು ಹೋಗು ಅಂತ ನನಗೆ ಹೇಳಿದರು. ಸೀಸೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅಮ್ಮ ನನ್ನನ್ನೂ ಕರೆದುಕೊಂಡು ಮನೆಯ ದಾರಿ ಹಿಡಿದಳು. ತಮ್ಮನ ಕಣ್ಣು ಉಳಿದರೆ ಗುಡಿಸಲು ಉಳಿಯುವುದಿಲ್ಲ. ಗುಡಿಸಲು ಉಳಿಯಬೇಕಾದರೆ ಕಣ್ಣು ಹೋಗಬೇಕು. ಹತ್ತು ವರ್ಷದ ನನಗೇ ಇದು ತಿಳಿಯುತ್ತಿತ್ತು. ಕೆರೆ ಏರಿಯ ಮೇಲೆ ಬಂದಾಗ ಅಮ್ಮ ನಿಂತು, "ಎಣ್ಣೆ ವಿಸ್ಯ ಯಾರ್ಗೂ ಯೋಳ್ಬ್ಯಾಡ" ಅಂದಳು. ತೀರ್ಮಾನ ಆಗಿತ್ತು.

ಸೀಸೆಯನ್ನು ಉಪ್ಪಿನ ಮಡಕೆಯ ಹಿಂದೆ ಬಚ್ಚಿಟ್ಟಳು. ಆದರೆ ಮೀನೆಣ್ಣೆಯನ್ನು ಬಚ್ಚಿಡಬಹುದು, ಅದರ ವಾಸನೆಯನ್ನು ಎಲ್ಲಿ ಬಚ್ಚಿಡುತ್ತೀರಿ? ನಮ್ಮ ಗುಡಿಸಲು ಮಂಗಳೂರಿನಿಂದ ಬಂದ ಮೀನಿನ ಬುಟ್ಟಿಯ ಹಾಗೆ ನಾರತೊಡಗಿತು. ಅಪ್ಪ ಏನೂ ಕೇಳಲಿಲ್ಲ. ಅಜ್ಜಿಯೂ ಕೇಳಲಿಲ್ಲ. ಅಮ್ಮ ತಮ್ಮನಿಗೆ ದಿನಾ ಎಣ್ಣೆ ಕುಡಿಸಿ, ನನ್ನ ಬಾಯಿಗೂ ಒಂದು ತೊಟ್ಟು ಬಿಡುತ್ತಿದ್ದಳು. ಸೀಸೆ ಮಾತ್ರ ನಾವಿಬ್ಬರು ಕುಡಿದದ್ದಕ್ಕಿಂತ ಬೇಗ ಬೇಗ ಖಾಲಿಯಾಗುತ್ತಿತ್ತು.

ಒಂದು ಸಂಜೆ ಬಾಗಿಲಲ್ಲಿ ಕೂತಿದ್ದೆ. ಕಂಬಳಿ ಬೀಳುವ ಹೊತ್ತು ಮೀರಿದರೂ ಬೀಳಲಿಲ್ಲ. ಬಾವಿ ಕಟ್ಟೆ ಕಂಡಿತು. ಅದರಾಚೆ ಬಳ್ಳಿಯ ಚಪ್ಪರ, ಅದರಾಚೆ ಆಕಾಶ, ಅದರ ತುಂಬ ಚುಕ್ಕಿಗಳು. ಚುಕ್ಕಿ ಅನ್ನುವುದು ಶಾಲೆಯ ಪುಸ್ತಕದ ಚಿತ್ರ ಅಂದುಕೊಂಡಿದ್ದ ನನಗೆ ಅಷ್ಟೊಂದು ಇರುತ್ತವೆಂದು ಯಾರೂ ಹೇಳಿರಲಿಲ್ಲ. ಸಂತೋಷದಿಂದ ಕಿರುಚಬೇಕು ಅನ್ನಿಸಿತು, ಕಿರುಚುವಂತಿರಲಿಲ್ಲ. ಬಾಯಿಗೆ ಲಂಗದ ತುದಿ ತುರುಕಿಕೊಂಡು ಕೂತೆ.

ಆಮೇಲೆ ಶುರುವಾಯಿತು ನೋಡಿ ನಮ್ಮ ಮನೆಯ ನಾಟಕ. ನನಗೆ ಕಾಣುವುದು ಯಾರಿಗೂ ಗೊತ್ತಾಗಬಾರದೆಂದು ನಾನು ಹಗ್ಗ ಹಿಡಿದೇ ನಡೆಯುತ್ತಿದ್ದೆ. ಎದುರಿಗೆ ಅಪ್ಪ ಬಂದರೆ ಮೊದಲಿನಂತೆ ಡಿಕ್ಕಿ ಹೊಡೆಯುತ್ತಿದ್ದೆ. ಒಂದು ದಿನ ದಾರಿಯಲ್ಲಿ ಬಿಂದಿಗೆ ಇತ್ತು. ಅಪ್ಪ ಹಗ್ಗ ಹಿಡಿದು ಬಂದವನು ಬಿಂದಿಗೆಯನ್ನು ಸಲೀಸಾಗಿ ದಾಟಿದ. ದಾಟಿ ಎರಡು ಹೆಜ್ಜೆ ಹೋದ ಮೇಲೆ ಏನೋ ನೆನಪಾದವನಂತೆ ನಿಂತ, ಹಿಂದಕ್ಕೆ ಬಂದ, ಬಿಂದಿಗೆಯನ್ನು ಕಾಲಿನಿಂದ ಒದ್ದು, "ಅಯ್ಯಯ್ಯೋ, ಇದ್ಯಾರಿಟ್ರು ಇಲ್ಲಿ?" ಅಂತ ಕೂಗಿದ. ನಾನು ಕಣ್ಣರಳಿಸಿ ನೋಡುತ್ತಿದ್ದೆ. ಅವನು ನನ್ನನ್ನು ನೋಡಿದ. ಇಬ್ಬರೂ ಥಟ್ಟನೆ ಬೇರೆ ಬೇರೆ ಕಡೆಗೆ ಕುರುಡರಂತೆ ಮುಖ ತಿರುಗಿಸಿಕೊಂಡೆವು.

ಬಯಲಾದದ್ದು ಅಜ್ಜಿಯಿಂದ. ನನ್ನನ್ನು ಮುಂದೆ ಕೂರಿಸಿಕೊಂಡು ದೇವರ ಕನಸಿನ ಕತೆಯನ್ನೇ ಮತ್ತೆ ಹೇಳುತ್ತಾ ತಲೆ ಸವರುತ್ತಿದ್ದಳು. ಚೆನ್ನಾಗಿ ಕತ್ತಲಾಗಿತ್ತು, ಒಲೆಯ ಕೆಂಡದ ಬೆಳಕೊಂದೇ ಇತ್ತು. ಕತೆಯ ನಡುವೆ ಅವಳ ಬೆರಳು ನನ್ನ ಬೈತಲೆಯಲ್ಲಿ ಗಕ್ಕನೆ ನಿಂತು, ಒಂದು ಹೇನು ಹಿಡಿದು, ಉಗುರಿನ ಮೇಲಿಟ್ಟು ಕುಟ್ಟಿತು. ಆಮೇಲೆ ಇನ್ನೊಂದು. ಮೂರನೆಯದು ಓಡಿತು, "ಎಲ್ಲಿಗ್ ಓಗ್ತೀಯೇ ಮುಂಡೇದೆ" ಅಂತ ಅಟ್ಟಿಸಿಕೊಂಡು ಹೋಗಿ ಹಿಡಿದಳು.

"ಅಜ್ಜೀ," ಅಂದೆ, "ನಿಂಗೆ ಹೇನು ಕಾಣ್ತೈತಾ?"

ಮೂಲೆಯಲ್ಲಿ ಅಪ್ಪ ಕೆಮ್ಮಿದ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು, ಅವಳು ನಕ್ಕದ್ದು ಎಲ್ಲರಿಗೂ ಕಾಣಿಸಿತು. ಎಲ್ಲರೂ ಕದ್ದು ಕುಡಿದಿದ್ದರು. ಅಪ್ಪ ವಾಸನೆ ಹಿಡಿದು ಸೀಸೆ ಪತ್ತೆ ಮಾಡಿದ್ದ. ಅಜ್ಜಿ ಮಂಡಿನೋವಿಗೆ ಹಚ್ಚಿಕೊಳ್ಳೋಣ ಅಂತ ತೆಗೆದವಳು ರುಚಿ ನೋಡಿದ್ದಳು. ಹಚ್ಚುವುದಕ್ಕಿಂತ ಕುಡಿಯುವುದೇ ವಾಸಿ ಅನ್ನಿಸಿತಂತೆ. ಆವತ್ತು ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಕತ್ತಲಾದ ಮೇಲೆ ಅಮ್ಮನ ಮುಖ ಹೇಗಿರುತ್ತದೆ ಅಂತ ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಎಷ್ಟು ಚೆಲುವೆ ಇದ್ದಳು!

ತಮ್ಮನ ಕಣ್ಣೂ ತಿಳಿಯಾಗುತ್ತಾ ಬಂತು. ನೊರೆಯಂಥ ಮಚ್ಚೆ ಕರಗಿತು. ಬಿಸಿಲಿನಲ್ಲಿ ಓಡಾಡಿದ, ಸಂಜೆ ಮಿಂಚುಹುಳದ ಹಿಂದೆ ಓಡಿದ. ಅಜ್ಜಿ ಅವನನ್ನು ತಬ್ಬಿಕೊಂಡು ಅತ್ತಳು. ಅವಳು ಆಮೇಲೆ ದೇವರ ಕನಸಿನ ಕತೆ ಹೇಳುವುದನ್ನು ಬಿಟ್ಟಳು. ಆದರೆ ಚಳಿ ಕಳೆಯಿತು, ಸಂಕ್ರಾಂತಿ ಬಂತು, ದ್ರಾಕ್ಷಿ ಬಣ್ಣ ತಿರುಗತೊಡಗಿತು. ಆ ವರ್ಷ ತಮ್ಮನನ್ನು ಮೊದಲ ಸಲ ಒಪ್ಪಿಸಬೇಕು.

"ಯೋಳ್ಬುಡಾನ" ಅಂದಳು ಅಮ್ಮ.

"ಯೋಳ್ಬುಟ್ಟು ಎಲ್ಲಿಗ್ ಓಗಾನ?" ಅಂದ ಅಪ್ಪ.

ಹಾಗಾಗಿ ನಾವು ಕುರುಡುತನವನ್ನು ಅಭ್ಯಾಸ ಮಾಡಲು ಕೂತೆವು. ಹುಟ್ಟಿದಾಗಿನಿಂದ ಪುಕ್ಕಟೆ ಬಂದಿದ್ದನ್ನು ಈಗ ಕಷ್ಟಪಟ್ಟು ಕಲಿಯಬೇಕಾಯಿತು. ಅಜ್ಜಿಯೇ ಮೇಷ್ಟ್ರು. ಕಾಣದವರು ಕಣ್ಣು ಪಿಳಿಪಿಳಿ ಮಾಡುವುದಿಲ್ಲ, ತಲೆಯನ್ನು ಸ್ವಲ್ಪ ವಾಲಿಸಿ ಕಿವಿಯನ್ನು ಮುಂದೆ ಮಾಡುತ್ತಾರೆ. ಕಾಲು ಎತ್ತಿ ಇಡಬಾರದು, ನೆಲಕ್ಕೆ ಸವರಿಕೊಂಡು ಹೋಗಬೇಕು. ಕೈ ಎದೆಯ ಮಟ್ಟಕ್ಕಿರಬೇಕು. ಎದುರಿಗೆ ಏನಾದರೂ ಬಂದರೆ ಬೆಚ್ಚಬಾರದು, ಬಡಿದ ಮೇಲೆ ಬೆಚ್ಚಬೇಕು. ಇದು ಬಹಳ ಕಷ್ಟ. ಅಪ್ಪನಿಗೆ ಕೊನೆಗೂ ಬರಲಿಲ್ಲ, ಕಂಬ ಹತ್ತಿರ ಬಂದರೆ ಮುಖ ಕಿವುಚಿಬಿಡುತ್ತಿದ್ದ. "ಥೂ ನಿನ್ನ, ಒಂದು ವರ್ಸದ ಇಂದೆ ಎಂಗ್ ಬಡ್ಕತಿದ್ದೆ!" ಅಂತ ಅಜ್ಜಿ ಬೈಯುತ್ತಿದ್ದಳು.

ತಮ್ಮನಿಗೆ ಇದು ಆಟ. "ಯಾರು ಕೇಳಿದ್ರೂ ಕಾಣಾಕಿಲ್ಲ ಅನ್ಬೇಕು, ಯಾರು ಏನು ತೋರ್ಸಿದ್ರೂ ನೋಡ್ಬಾರ್ದು, ಆಯ್ತಾ ಮಗ?" ಅಂತ ಅಪ್ಪ ಹೇಳಿಕೊಟ್ಟ. ನಾವು ಅವನ ಮುಂದೆ ಬೆಲ್ಲದ ಚೂರು ಹಿಡಿಯುತ್ತಿದ್ದೆವು. ಮೊದಮೊದಲು ಲಬಕ್ಕನೆ ಕಿತ್ತುಕೊಳ್ಳುತ್ತಿದ್ದ. ಆಗ ಅಪ್ಪ ಕೈಗೆ ಒಂದು ಏಟು ಕೊಡುತ್ತಿದ್ದ. ನಿಧಾನಕ್ಕೆ ಕಲಿತ. ಬೆಲ್ಲ ಮೂಗಿನ ಮುಂದೆ ಬಂದರೂ ಅವನ ಕಣ್ಣು ಅದರೊಳಗಿಂದ ತೂರಿ ಆಚೆಗೆ ಎಲ್ಲೋ ನೋಡುತ್ತಿತ್ತು. ನನಗೆ ಒಂದೊಂದು ಸಲ ಹೆದರಿಕೆಯಾಗಿ ಅವನನ್ನು ಹಿಡಿದು ಅಲುಗಾಡಿಸುತ್ತಿದ್ದೆ.

ಆ ದಿನ ಬಂತು. ದೊಡ್ಡಮನೆಯ ಜಗಲಿಯಲ್ಲಿ ಯಜಮಾನರೂ ಕಾಲೇಜು ಓದುತ್ತಿದ್ದ ಅವರ ಮಗನೂ ಇದ್ದರು. ಬಲ್ಬು ಆರಿಸಿದರು. ಬೆಳುದಿಂಗಳಿತ್ತು, ನಮಗೆ ಎಲ್ಲವೂ ಹಗಲಿನಂತೆ ಕಾಣುತ್ತಿತ್ತು. ಆ ವರ್ಷ ಯಜಮಾನರಿಗೇ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿದೆ ಅಂತ ಕೇಳಿದ್ದೆವು. ಅದು ಎಷ್ಟು ಅಂತ ಆಗ ಗೊತ್ತಾಯಿತು. ಅಪ್ಪ ಎಡಗಡೆ ನಿಂತಿದ್ದರೆ ಅವರು ಗೊಂಚಲನ್ನು ಬಲಗಡೆಯ ಕಂಬಕ್ಕೆ ಚಾಚಿ, "ಬಾರೋ, ತಗೋಳೋ" ಅಂತ ಕಂಬವನ್ನು ಕರೆದರು. ಪರೀಕ್ಷೆ ಮಾಡುವವರಿಗೆ ಕಾಣುತ್ತಿಲ್ಲ, ಕಾಣುವಂತೆ ನಟಿಸುತ್ತಿದ್ದಾರೆ. ಪರೀಕ್ಷೆಗೆ ನಿಂತವರಿಗೆ ಕಾಣುತ್ತಿದೆ, ಕಾಣದಂತೆ ನಟಿಸುತ್ತಿದ್ದೇವೆ. ನನಗೆ ನಗು ಉಕ್ಕಿ ಬಂತು, ಅಜ್ಜಿ ತೊಡೆ ಚಿವುಟಿದಳು. "ಅಪ್ಪಾ, ಅವನು ಈ ಕಡೆ ಇದಾನೆ" ಅಂತ ಮಗ ಅವರ ಕೈ ತಿರುಗಿಸಿದ. ಅಪ್ಪ ಪುಣ್ಯಕ್ಕೆ ಆ ಗಲಾಟೆಯಲ್ಲಿ ಕಿಟಕಿಯನ್ನು ಹಿಡಿದುಕೊಂಡು ಪಾರಾದ.

"ಹುಡುಗನ್ನ ನಾನು ನೋಡ್ತೀನಿ" ಅಂತ ಮಗ ಗೊಂಚಲು ತೆಗೆದುಕೊಂಡ. ಅವನ ಕಣ್ಣು ಚುರುಕು.

ತಮ್ಮ ಹೊರಟ. ತಲೆ ವಾಲಿಸಿ, ಕಾಲು ಸವರಿ, ಕೈ ಎದೆ ಮಟ್ಟಕ್ಕೆ. ಮಗ ಗೊಂಚಲನ್ನು ಅವನ ಮುಖದ ಮುಂದೆ ತಂದ. ಒಂದು ವಿಷಯ ಹೇಳಬೇಕು, ನಮ್ಮ ಮನೆಯ ಮಕ್ಕಳು ಆ ತೋಟದ ಹಣ್ಣನ್ನು ತಿಂದವರಲ್ಲ. ಆ ನೀಲಿ ದ್ರಾಕ್ಷಿ ತಿಂದರೆ ನಾಲಗೆಗೆ ಬಣ್ಣ ಹತ್ತುತ್ತದೆ, ನಾಲಗೆ ಚಾಚು ಅಂದರೆ ಸಿಕ್ಕಿಬೀಳುತ್ತೇವೆ. ಮಾಗಿದ ಹಣ್ಣಿನ ಘಮ ನನ್ನವರೆಗೂ ಬರುತ್ತಿತ್ತು. ತಮ್ಮನ ಗಂಟಲು ಮೇಲೆ ಕೆಳಗೆ ಆಡಿತು, ಜೊಲ್ಲು ನುಂಗಿದ. ಕಣ್ಣು ಮಾತ್ರ ಕದಲಲಿಲ್ಲ. ಗೊಂಚಲಿನ ಪಕ್ಕದಿಂದ ಕೈ ಹಾಯಿಸಿಕೊಂಡು ಮುಂದೆ ಹೋದ. ಮುಂದೆ ಕಲ್ಲಿನ ಕಂಬವಿತ್ತು. ಅವನಿಗೆ ಕಂಬ ಕಾಣುತ್ತಿದೆ ಅಂತ ನಮಗೆ ಗೊತ್ತು. ನಿಲ್ಲುತ್ತಾನೆ ಅಂದುಕೊಂಡೆ. ನಿಲ್ಲಲಿಲ್ಲ. ಹಣೆ ಟಪ್ಪೆಂದು ಬಡಿಯಿತು. ಅಜ್ಜಿ ಹೇಳಿಕೊಟ್ಟಂತೆ, ಬಡಿದ ಮೇಲೆ ಬೆಚ್ಚಿದ. ಹುಬ್ಬಿನ ಮೇಲಿಂದ ರಕ್ತ ಇಳಿಯಿತು. ಅಳಲಿಲ್ಲ.

"ಭೇಷ್!" ಅಂದರು ಯಜಮಾನರು. ಸದ್ದಿನಿಂದಲೇ ಅವರಿಗೆ ತೃಪ್ತಿಯಾಗಿತ್ತು. "ಇವನೇ ಮುಂದಿನ ಕಾವಲು. ನನ್ನ ಮಗನ ಕಾಲಕ್ಕೆ ಇವನು." ಅಪ್ಪನಿಗೆ ಹೊಸ ಟವಲು ಕೊಟ್ಟರು. ತಮ್ಮನ ಕೈಗೆ ಒಂದು ಪುಟ್ಟ ಬಿದಿರು ಕೋಲು.

ತೋಟದ ದಾರಿಯಲ್ಲಿ ನಡೆದು ಬರುವಾಗ ಎಲ್ಲರಿಗೂ ಗೆದ್ದ ಖುಷಿ. ಅಪ್ಪ ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. ಅಮ್ಮ ಅವನ ಹಣೆಗೆ ಸೆರಗು ಒತ್ತಿಕೊಂಡು ಪಕ್ಕದಲ್ಲೇ ಬರುತ್ತಿದ್ದಳು. "ನೋಡ್ಲಾ ಮಗ, ಚಂದ್ರ ಎಷ್ಟು ದೊಡ್ದಾಗವ್ನೆ" ಅಂದ ಅಪ್ಪ. ತಮ್ಮ ತಲೆ ಎತ್ತಲಿಲ್ಲ. "ಅಗೋ, ಮರದ ಮ್ಯಾಲೆ. ಕಾಣಾಕಿಲ್ವಾ?"

"ಕಾಣಾಕಿಲ್ಲ" ಅಂದ ತಮ್ಮ. ಮುಖವನ್ನು ಬೇರೆ ಕಡೆ ತಿರುಗಿಸಿ, ತಲೆ ವಾಲಿಸಿ.

ಅಪ್ಪ ಅವನನ್ನು ಕೆಳಗಿಳಿಸಿದ. ಎದುರಿಗೆ ಕುಕ್ಕುರುಗಾಲಲ್ಲಿ ಕೂತು ಅವನ ಗಲ್ಲ ಹಿಡಿದ. "ಇಲ್ನೋಡು. ನಾನು ಕಣೋ, ಅಪ್ಪ. ನಿಜ್ವಾಗೂ ಕಾಣಾಕಿಲ್ವಾ?"

ತಮ್ಮ ಆ ಕಡೆ ಈ ಕಡೆ ಕಿವಿಗೊಟ್ಟು, ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗುಟ್ಟಿನಲ್ಲಿ ಕೇಳಿದ: "ಅಪ್ಪಾ, ಈಗ ಕಾಣ್ಬೋದಾ?"

ಅಜ್ಜಿ ದಾರಿಯಲ್ಲೇ ಕೂತುಬಿಟ್ಟಳು. ಅಪ್ಪ ಎದ್ದ, ತಮ್ಮನ ಕೈಯಲ್ಲಿದ್ದ ಕೋಲು ತೆಗೆದುಕೊಂಡ, ಹೆಗಲ ಮೇಲಿನ ಹೊಸ ಟವಲು ತೆಗೆದು ಮಡಚಿದ, ಬಂದ ದಾರಿಯಲ್ಲೇ ವಾಪಸು ಹೊರಟ. ಕಾಲು ಸವರಲಿಲ್ಲ, ದಾಪುಗಾಲು ಹಾಕಿದ. ನಾನು ಹಿಂದೆ ಓಡಿದೆ.

ದೊಡ್ಡಮನೆಯ ಬಲ್ಬು ಇನ್ನೂ ಹೊತ್ತಿಸಿರಲಿಲ್ಲ. ಅಪ್ಪ ಜಗಲಿಯ ಮೇಲೆ ಕೋಲನ್ನೂ ಟವಲನ್ನೂ ಇಟ್ಟ. "ಬುದ್ದಿ, ನಮ್ಗೆ ಕಾಣ್ತೈತೆ. ನಮ್ಮನೇಲಿ ಎಲ್ಲಾರ್ಗೂವೆ."

ಯಜಮಾನರು ನಕ್ಕರು. "ಕುಡಿದಿದ್ದೀಯೇನೋ? ನಿಮ್ಮ ವಂಶದಲ್ಲೇ ಇಲ್ಲ, ನಿಮಗೆ ಎಲ್ಲಿಂದ ಕಾಣತ್ತೆ?"

"ನಿಮ್ ಕನ್ನಡಕ ತಲೆ ಮ್ಯಾಲೈತೆ ಬುದ್ದಿ. ಅಂಗಿ ಮೇಲ್ಗಡೆ ಗುಂಡಿ ಬುಟ್ಟೋಗೈತೆ. ಗೊಂಚಲು ನಿಮ್ ಮಗನ ಕೈಲೈತೆ, ಅರ್ಧ ತಿಂದ್ಬುಟ್ಟವ್ರೆ."

ಮಗ ಅಗಿಯುವುದನ್ನು ನಿಲ್ಲಿಸಿದ. ಯಜಮಾನರು ತಲೆಯ ಮೇಲೆ ಕೈಯಾಡಿಸಿ ಕನ್ನಡಕ ಹುಡುಕಿ ಹಾಕಿಕೊಂಡರು. ಅವರಿಗೆ ಸಿಟ್ಟು ಬರುತ್ತದೆ ಅಂದುಕೊಂಡೆ, ಬರಲಿಲ್ಲ. ನಮ್ಮ ಮೇಲೆ ನಿಜವಾಗಿ ಮರುಕ ಬಂದವರ ಹಾಗೆ ದನಿ ತಗ್ಗಿಸಿ ಹೇಳಿದರು: "ಹೋಗಲಿ ಬಿಡು, ಹೆದರಬೇಡ. ನಾಳೆ ಬೆಂಗಳೂರಿಂದ ಡಾಕ್ಟರು ಬರ್ತಾರೆ. ಎಲ್ಲರೂ ಬಂದು ತೋರಿಸ್ಕೊಳಿ, ಖರ್ಚು ನಂದು. ವಾಸಿಯಾದ್ರೆ ಇರಿ."

ಮೂರು ತಲೆಮಾರು ಕಾಣದಿದ್ದಾಗ ಬಾರದ ಡಾಕ್ಟರು, ಕಾಣುತ್ತದೆ ಅಂದ ಮಾರನೆಯ ದಿನಕ್ಕೆ ಬರುವವರಿದ್ದರು. ಅಪ್ಪ ಕೈ ಮುಗಿದ. "ಬ್ಯಾಡಿ ಬುದ್ದಿ" ಅಂದ. ಅಷ್ಟೇ.

ಡಾಕ್ಟರ ಕಾರು ಬರುವ ಮೊದಲೇ ನಾವು ಗುಡಿಸಲು ಬಿಟ್ಟೆವು. ಯಶವಂತಪುರದಲ್ಲಿ ಗೂಡ್ಸ್ ಗಾಡಿಗಳ ಮೂಟೆ ಇಳಿಸುವ ಕೆಲಸ ಅಪ್ಪನಿಗೆ ಸಿಕ್ಕಿತು, ಹಳಿಯ ಪಕ್ಕದಲ್ಲಿ ಒಂದು ತಗಡಿನ ಮನೆ. ರಾಗಿಗೂ ತತ್ವಾರ, ಹಿತ್ತಲಿಲ್ಲ, ಬಾವಿಯಿಲ್ಲ. ಅಪ್ಪನ ಬೆನ್ನು ಕೆಲವೇ ವರ್ಷಗಳಲ್ಲಿ ಬಾಗಿಹೋಯಿತು. ಬಿಟ್ಟು ಬಂದದ್ದು ಒಳ್ಳೆಯದಾಯಿತು ಅಂತ ಅವನು ಒಂದು ದಿನವೂ ಹೇಳಲಿಲ್ಲ, ಕೆಟ್ಟದಾಯಿತು ಅಂತಲೂ ಹೇಳಲಿಲ್ಲ. ಬೀದಿ ದೀಪದ ಬೆಳಕು ನೇರ ನಮ್ಮ ಬಾಗಿಲಿಗೆ ಬೀಳುತ್ತಿತ್ತು. ಹೊತ್ತು ಮುಳುಗಿದ ಮೇಲೆ ಯಾರಾದರೂ ಹೊಸಬರು ಬಂದು ಬಾಗಿಲಲ್ಲಿ ನಿಂತರೆ ತಮ್ಮ ಕೂತಲ್ಲೇ ಕಲ್ಲಾಗುತ್ತಿದ್ದ, ಅವನ ತಲೆ ಮೆಲ್ಲಗೆ ಒಂದು ಕಡೆಗೆ ವಾಲುತ್ತಿತ್ತು. ಮೂಟೆ ಹೊತ್ತು ಬಂದು ಮಲಗಿರುತ್ತಿದ್ದ ಅಪ್ಪ ಆಗ ಎದ್ದು ಕೂರುತ್ತಿದ್ದ. ಬಂದವರು ಯಾರು, ಏನು ಅಂತ ಕೇಳುವುದಕ್ಕೂ ಮೊದಲು, ಅವರಿಗೆ ಅರ್ಥವಾಗದಿದ್ದರೂ ಪರವಾಗಿಲ್ಲ ಅನ್ನುವಂತೆ ಗಟ್ಟಿಯಾಗಿ ಹೇಳುತ್ತಿದ್ದ: "ಕಾಣ್ಬೋದು ಕಣ್ಲಾ ಮಗ. ನೋಡು."